ಮೊದಲ ಬಾರಿ ನಿಂತು ಕೇಳುವ ಸಂಗೀತ ಕಾರ್ಯಕ್ರಮಕ್ಕೆ ಹೊರಟಿದ್ದೇನೆ: ಮುಂದೆ ನಿಲ್ಲಲೋ, ಹಿಂದೆ ನಿಲ್ಲಲೋ?

ಕುವೆಂಪುನಗರದವಳು
ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಐವತ್ತರ ಹತ್ತಿರದ ವಯಸ್ಸು. ಈವರೆಗೆ ಕೇಳಿದ ಕಛೇರಿಗಳನ್ನೆಲ್ಲ ಕುರ್ಚಿಯಲ್ಲೋ ಜಮಖಾನದ ಮೇಲೋ ಕುಳಿತೇ ಕೇಳಿದ್ದೇನೆ. ಮುಂದಿನ ತಿಂಗಳು ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಬಯಲೊಂದರಲ್ಲಿ ರಾಕ್ ತಂಡವೊಂದರ ಕಾರ್ಯಕ್ರಮವಿದ್ದು, ಅಲ್ಲಿಯೇ ಪಿ.ಜಿ.ಯಲ್ಲಿದ್ದು ಓದುತ್ತಿರುವ ಮಗಳು ನನ್ನನ್ನೂ ಕರೆದಿದ್ದಾಳೆ. ಅಲ್ಲಿ ಒಂದು ಕುರ್ಚಿಯೂ ಇರುವುದಿಲ್ಲವಂತೆ. ವೇದಿಕೆಗೆ ಅಂಟಿದಂತೆ ಬೇಲಿ ಹಾಕಿದ ‘ಫ್ಯಾನ್ ಪಿಟ್’ ಎಂಬ ಜಾಗದ ಟಿಕೆಟ್ಟಿಗೆ ಸಾಮಾನ್ಯ ಟಿಕೆಟ್ಟಿನ ಎರಡರಷ್ಟು ಬೆಲೆ ಇದೆ. ನನ್ನ ಎತ್ತರ ಐದಡಿ ಮುಟ್ಟುವುದಿಲ್ಲ. ಹಿಂದೆ ನಿಂತರೆ ಜನರ ಬೆನ್ನು ಮಾತ್ರ ಕಾಣುತ್ತದೆಯೇ? ಮುಂದೆ ನಿಂತರೆ ಉಸಿರಾಡಲು ಜಾಗವಿರುತ್ತದೆಯೇ? ಕಿವಿ, ಮಂಡಿ ಎರಡೂ ನಾಲ್ಕು ಗಂಟೆ ತಡೆಯುತ್ತವೆಯೇ? ಟಿಕೆಟ್ ಕೊಳ್ಳಲು ಈ ವಾರವೇ ಕೊನೆ ಎಂದು ಮಗಳು ಅವಸರಪಡಿಸುತ್ತಿದ್ದಾಳೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಳೇ ಮೆಟಲ್ ಪ್ರೇಮಿ
ಮೇಡಂ, ಹಣವಿದ್ದರೆ ಎರಡನೆಯ ಯೋಚನೆ ಮಾಡದೆ ಮುಂದಿನ ಟಿಕೆಟ್ ಕೊಳ್ಳಿ. 2007ರ ಮಾರ್ಚ್ 17ರಂದು ಐರನ್ ಮೇಡನ್ ತಂಡ ಭಾರತದಲ್ಲಿ ಮೊದಲ ಬಾರಿ ಅರಮನೆ ಮೈದಾನದಲ್ಲಿ ನುಡಿಸಿದಾಗ ನಾನು ಅಲ್ಲಿದ್ದೆ. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನಕ್ಕೆ ಬಂದಾಗಲೂ ಇದ್ದೆ. ಗಿಟಾರ್ ಹಿಡಿದವನ ಬೆರಳುಗಳನ್ನು ಬರಿಗಣ್ಣಿನಿಂದ ನೋಡುವುದಕ್ಕೂ, ಹಿಂದೆ ನಿಂತು ಪರದೆಯ ಮೇಲೆ ನೋಡುವುದಕ್ಕೂ ಅಜಗಜಾಂತರವಿದೆ. ಪರದೆಯನ್ನೇ ನೋಡುವುದಾದರೆ ಮನೆಯಲ್ಲಿ ಟೀವಿ ಇದ್ದೇ ಇದೆಯಲ್ಲ.

ಶಿವಮೊಗ್ಗದ ಸಂಶಯ
ಕುರ್ಚಿಯನ್ನು ಕಿತ್ತುಕೊಂಡು, ಕಿತ್ತುಕೊಂಡದ್ದಕ್ಕೇ ಎರಡರಷ್ಟು ಹಣ ಕೇಳುವ ವ್ಯಾಪಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಮಿಕ್ಸರ್ ಮೇಷ್ಟ್ರು
ನಾನು ಇಂತಹ ಕಾರ್ಯಕ್ರಮಗಳಲ್ಲಿ ಸೌಂಡ್ ಕೆಲಸ ಮಾಡುವವನು. ಆದ್ದರಿಂದ ನೋಟದ ವಿಚಾರವನ್ನು ಬೇರೆಯವರಿಗೆ ಬಿಟ್ಟು, ಕೇಳುವ ವಿಚಾರವನ್ನು ಮಾತ್ರ ಹೇಳುತ್ತೇನೆ.

ವೇದಿಕೆಯ ಎರಡೂ ಬದಿಗೆ ಎತ್ತರದಲ್ಲಿ ಸಾಲಾಗಿ ತೂಗುಹಾಕಿದ ಸ್ಪೀಕರ್‌ಗಳನ್ನು ನೀವು ನೋಡಿರುತ್ತೀರಿ. ಅವುಗಳ ದನಿ ಮೈದಾನದ ನಡುಭಾಗವನ್ನೂ ಹಿಂಭಾಗವನ್ನೂ ತಲುಪುವಂತೆ ಕೋನ ಹೊಂದಿಸಿರುತ್ತೇವೆ. ಬೇಲಿಗೆ ಒರಗಿ ನಿಂತವರ ತಲೆಯ ಮೇಲಿನಿಂದ ಆ ದನಿಯ ಬಹುಭಾಗ ಹಾದುಹೋಗುತ್ತದೆ. ಅವರಿಗಾಗಿ ವೇದಿಕೆಯ ಅಂಚಿನಲ್ಲಿ ಸಣ್ಣ ಸ್ಪೀಕರ್‌ಗಳನ್ನು ಇಟ್ಟಿರುತ್ತೇವಾದರೂ, ನೆಲದ ಮೇಲಿರುವ ಬಾಸ್ ಪೆಟ್ಟಿಗೆಗಳು ಅವರ ಎದೆಯ ನೇರಕ್ಕೇ ಇರುವುದರಿಂದ ಹಾಡಿನ ಮಾತುಗಳು ಮಂದ್ರದ ಗುಡುಗಿನಲ್ಲಿ ಮುಳುಗಿಹೋಗುತ್ತವೆ. ಡ್ರಮ್ಮಿನ ನೇರ ಪೆಟ್ಟು ಬೇರೆ. ಹಾಡು ಹಾಡಾಗಿ ಕೇಳಬೇಕೆಂದರೆ ನಮ್ಮ ಕನ್ಸೋಲ್ ಇರುವ ಗುಡಾರದ ಅಕ್ಕಪಕ್ಕ ಅಥವಾ ಅದರ ಸ್ವಲ್ಪ ಮುಂದೆ ನಿಲ್ಲಬೇಕು. ಎಂಜಿನಿಯರ್ ತನ್ನ ಕಿವಿಗೆ ಸರಿ ಎನಿಸುವಂತೆ ಹದ ಮಾಡುವುದು ಆ ಜಾಗದಿಂದಲೇ. ಸಾಮಾನ್ಯ ಟಿಕೆಟ್ಟಿಗೂ ಅಲ್ಲಿ ಪ್ರವೇಶ ಇರುವುದೇ ಹೆಚ್ಚು.

ಇನ್ನೊಂದು ಲಾಭವೂ ಇದೆ. ಆ ಗುಡಾರದ ಸುತ್ತ ಗಟ್ಟಿಯಾದ ಕಬ್ಬಿಣದ ಬೇಲಿ ಇರುತ್ತದೆ, ಅದಕ್ಕೆ ಬೆನ್ನು ಕೊಟ್ಟು ನಿಲ್ಲಬಹುದು. ಹಿಂದಿನಿಂದ ಯಾರೂ ತಳ್ಳುವುದಿಲ್ಲ. ಮಂಡಿಯ ಬಗ್ಗೆ ಕೇಳಿದಿರಲ್ಲ, ಈ ಆಸರೆಗೆ ಫ್ಯಾನ್ ಪಿಟ್ಟಿನಲ್ಲಿ ಎಷ್ಟು ಹಣ ಕೊಟ್ಟರೂ ಖಾತರಿಯಿಲ್ಲ.

ಹಳೇ ಮೆಟಲ್ ಪ್ರೇಮಿ
ಮೇಷ್ಟ್ರೇ, ನಿಮ್ಮ ಲೆಕ್ಕ ಸರಿಯಿರಬಹುದು, ಆದರೆ ದನಿಯ ಹದವನ್ನೇ ಅರಸುವವರು ಮನೆಯಲ್ಲಿ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಮೈದಾನಕ್ಕೆ ಹೋಗುವುದು ಪಕ್ಕದ ಅಪರಿಚಿತನೂ ನಾನೂ ಒಂದೇ ಸಾಲನ್ನು ಒಟ್ಟಿಗೆ ಕಿರುಚುವುದಕ್ಕೆ. ಆ ಕಾವು ಮುಂದೆ ಇದ್ದಷ್ಟು ಹಿಂದೆ ಇರುವುದಿಲ್ಲ.

ಮಿಕ್ಸರ್ ಮೇಷ್ಟ್ರು
ಕಿರುಚಲು ಹೋಗುವವರಿಗೆ ನಾನು ಬೇಡವೆನ್ನುವುದಿಲ್ಲ. ಕೇಳಿದವರು ಕಛೇರಿ ಕೇಳಿ ಬೆಳೆದವರು, ಅವರಿಗೆ ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು ಎಂದುಕೊಂಡು ಹೇಳಿದೆ.

ಹಾಸ್ಟೆಲ್ ಹುಡುಗಿ
ಆಂಟಿ, ನಾನೂ ನಿಮ್ಮಷ್ಟೇ ಎತ್ತರ. ಇಲ್ಲಿಯವರೆಗೆ ಮಾತನಾಡಿದವರೆಲ್ಲ ಎತ್ತರದ ಗಂಡಸರು ಎಂದು ಕಾಣುತ್ತದೆ, ಆದ್ದರಿಂದ ಕುಳ್ಳಿಯರ ಶಾಸ್ತ್ರವನ್ನು ನಾನು ಹೇಳುತ್ತೇನೆ.

ವೇದಿಕೆಯ ನಟ್ಟನಡುವಿನ ನೇರಕ್ಕೆ ನಿಲ್ಲಬೇಡಿ. ಎಲ್ಲರೂ ನುಗ್ಗುವುದು ಅಲ್ಲಿಗೇ. ಎಡ ಅಥವಾ ಬಲ ಅಂಚಿನಲ್ಲಿ ಜನ ತೆಳುವಾಗಿರುತ್ತಾರೆ, ಓರೆಯಾಗಿ ನೋಡಿದರೆ ಇಬ್ಬರ ಭುಜದ ನಡುವಿನ ಸಂದಿಯಲ್ಲಿ ವೇದಿಕೆ ಚೆನ್ನಾಗಿಯೇ ಕಾಣುತ್ತದೆ, ಹೊರಗೆ ಹೋಗುವ ದಾರಿಯೂ ಹತ್ತಿರ. ಮೈದಾನ ಏರುತಗ್ಗಾಗಿದ್ದರೆ ಬೇಗ ಹೋಗಿ ದಿಬ್ಬವನ್ನು ಹಿಡಿಯಿರಿ. ಅಂಗೈಯಗಲದ ಏರು ಸಿಕ್ಕರೂ ಅದು ಎರಡರಷ್ಟು ಟಿಕೆಟ್ಟಿಗಿಂತ ಮೇಲು. ನಿಮ್ಮ ಮುಂದೆ ಒಬ್ಬ ಎತ್ತರದವನು ಬಂದು ನಿಂತರೆ ಸುಮ್ಮನೆ ಸಹಿಸಿಕೊಳ್ಳಬೇಡಿ, “ಸ್ವಲ್ಪ ಪಕ್ಕಕ್ಕೆ ನಿಲ್ಲುತ್ತೀರಾ?” ಎಂದು ಕೇಳಿದರೆ ನೂರಕ್ಕೆ ತೊಂಬತ್ತು ಜನ ಸರಿಯುತ್ತಾರೆ. ನಿಮ್ಮ ವಯಸ್ಸಿನವರು ಕೇಳಿದರಂತೂ ತಮ್ಮ ಮುಂದೆಯೇ ಬಿಟ್ಟುಕೊಡುತ್ತಾರೆ.

ಬೆರಳು ಮುಚ್ಚುವ ಬೂಟು ಹಾಕಿಕೊಳ್ಳಿ, ಚಪ್ಪಲಿ ಖಂಡಿತ ಬೇಡ. ಹೊಸ ಬೂಟೂ ಬೇಡ. ಹೊರಗಿನ ನೀರಿನ ಬಾಟಲಿಯನ್ನು ಗೇಟಿನಲ್ಲಿಯೇ ಕಸಿದುಕೊಳ್ಳುತ್ತಾರೆ, ಒಳಗೆ ಕೊಳ್ಳಬೇಕಾಗುತ್ತದೆ. ಕೆಲವೆಡೆ ಕೈಪಟ್ಟಿಗೆ ಮೊದಲೇ ಹಣ ತುಂಬಿಸಿಕೊಳ್ಳದೆ ನೀರೂ ಸಿಗುವುದಿಲ್ಲ, ಆ ಸಾಲು ಉದ್ದವಾಗುವ ಮುನ್ನ ಆ ಕೆಲಸ ಮುಗಿಸಿಕೊಳ್ಳಿ. ದೊಡ್ಡ ವ್ಯಾನಿಟಿ ಬ್ಯಾಗನ್ನು ಒಳಗೆ ಬಿಡದಿರಬಹುದು. ಅಡ್ಡಲಾಗಿ ಹಾಕಿಕೊಳ್ಳುವ ಸಣ್ಣ ಚೀಲ ಸಾಕು, ಅದನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳಿ. ಜೇಬುಗಳ್ಳರಿಗೆ ಇಂತಹ ರಾತ್ರಿಗಳು ಹಬ್ಬ.

ಇನ್ನೊಂದು ಮಾತನ್ನು ಯಾರೂ ಬರೆಯುವುದಿಲ್ಲ, ನಾನು ಬರೆಯುತ್ತೇನೆ. ದಟ್ಟ ಗುಂಪಿನಲ್ಲಿ ಕೈ ಎಲ್ಲೆಲ್ಲಿಗೋ ಬರುವುದುಂಟು. ಹುಡುಗಿಯರ ಗುಂಪೊಂದರ ಪಕ್ಕ ನಿಂತುಕೊಳ್ಳಿ. ಹಾಗೇನಾದರೂ ಆದರೆ ಅನುಮಾನಿಸುತ್ತ ಕೂರದೆ ಗಟ್ಟಿಯಾಗಿ ಕೂಗಿ, ಸುತ್ತಲಿನವರು ನಿಮ್ಮ ಪರ ನಿಲ್ಲುತ್ತಾರೆ. ಬೇಲಿಯ ಬಳಿ ಭದ್ರತೆಯ ಮಹಿಳಾ ಸಿಬ್ಬಂದಿ ಎಲ್ಲಿದ್ದಾರೆಂದು ಮೊದಲೇ ನೋಡಿಟ್ಟುಕೊಳ್ಳುವುದೂ ಒಳ್ಳೆಯದು.

ಕುವೆಂಪುನಗರದವಳು
ಇಷ್ಟು ಬೇಗ ಇಷ್ಟೊಂದು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ನಡುವೆ ಶೌಚಾಲಯಕ್ಕೆ ಹೋಗಬೇಕಾದರೆ ಹಿಂದಿನ ಜಾಗಕ್ಕೇ ಮರಳಲು ಸಾಧ್ಯವೇ? ಈ ವಯಸ್ಸಿನಲ್ಲಿ ಅದೂ ಒಂದು ಪ್ರಶ್ನೆಯೇ ಅಲ್ಲವೇ.

ಹಾಸ್ಟೆಲ್ ಹುಡುಗಿ
ನಡುಭಾಗದಲ್ಲಿದ್ದರೆ ಕಷ್ಟ, ಅಂಚಿನಲ್ಲಿದ್ದರೆ ಸುಲಭ. ಮೊದಲು ನುಡಿಸುವ ತಂಡ ಮುಗಿಸಿದ ಮೇಲೆ ಮುಖ್ಯ ತಂಡಕ್ಕಾಗಿ ವೇದಿಕೆಯನ್ನು ಬದಲಿಸುತ್ತಾರಲ್ಲ, ಆಗ ಎಲ್ಲರೂ ಹೋಗುತ್ತಾರೆ, ಮಹಿಳೆಯರ ಸಾಲು ಎಂದಿನಂತೆ ಬೆಳೆಯುತ್ತದೆ. ಮೊದಲ ತಂಡದ ಕೊನೆಯ ಹಾಡಿಗೆ ಮುಂಚೆಯೇ ಹೋಗಿ ಬನ್ನಿ.

ಕಿವಿಯ ವೈದ್ಯ, ಹುಬ್ಬಳ್ಳಿ
ಕಿವಿಯ ಪ್ರಶ್ನೆಯನ್ನು ಎಲ್ಲರೂ ದಾಟಿಹೋಗಿದ್ದಾರೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯವರೆಗೆ ಇರಬಹುದೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯ ಮಾನದಂಡ ಹೇಳುತ್ತದೆ. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಇಳಿಯುತ್ತ ಬಂದರೆ 100 ಡೆಸಿಬಲ್ಲಿಗೆ ಸಿಗುವುದು ಹದಿನೈದು ನಿಮಿಷ ಮಾತ್ರ. ರಾಕ್ ಕಾರ್ಯಕ್ರಮಗಳಲ್ಲಿ ಸದ್ದು ಆ ಮಟ್ಟವನ್ನು ಮುಟ್ಟುವುದು ಅಪರೂಪವೇನಲ್ಲ, ಮತ್ತು ಅವು ಹದಿನೈದು ನಿಮಿಷಕ್ಕೆ ಮುಗಿಯುವಂಥವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾನದಂಡದಲ್ಲಿ ಸದ್ದಿನ ಹದಿನೈದು ನಿಮಿಷಗಳ ಸರಾಸರಿ 100 ಡೆಸಿಬಲ್ ದಾಟಬಾರದು ಎಂದೂ, ಕೇಳುಗರಿಗೆ ಇಯರ್‌ಪ್ಲಗ್ ದೊರೆಯುವಂತಿರಬೇಕು ಎಂದೂ, ಕಿವಿಗೆ ವಿಶ್ರಾಂತಿ ಕೊಡಲು ಸದ್ದು ಕಡಿಮೆಯಿರುವ ಒಂದು ಜಾಗವಿರಬೇಕು ಎಂದೂ ಇದೆ.

ಔಷಧಿ ಅಂಗಡಿಯಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ಗನ್ನು ಬೆರಳಿನಲ್ಲಿ ಹೊಸೆದು ಸಣ್ಣದಾಗಿಸಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಎಳೆದು ಹಿಡಿದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಹೀಗೆ ಮಾಡದೆ ಕಿವಿಯ ಬಾಯಿಗೆ ಸುಮ್ಮನೆ ಅಂಟಿಸಿಕೊಂಡವರು ಪ್ರಯೋಜನವಿಲ್ಲವೆಂದು ದೂರುತ್ತಾರೆ. ಸ್ಪಂಜು ಮೇಲಿನ ಸ್ವರಗಳನ್ನು ಹೆಚ್ಚಾಗಿ ನುಂಗುತ್ತದೆ, ಹಾಡು ಮಂಕಾಗಿ ಕೇಳಿಸಬಹುದು. ಸಂಗೀತಗಾರರಿಗೆಂದೇ ಮಾಡಿದ, ಎಲ್ಲ ಸ್ವರಗಳನ್ನೂ ಸುಮಾರು ಒಂದೇ ಅಳತೆಯಲ್ಲಿ ತಗ್ಗಿಸುವ ಪ್ಲಗ್ಗುಗಳಿವೆ. ಬೆಲೆ ಹೆಚ್ಚು, ಆದರೆ ಮತ್ತೆ ಮತ್ತೆ ಬಳಸಬಹುದು.

ಕಾರ್ಯಕ್ರಮದ ಬಳಿಕ ಕಿವಿಯಲ್ಲಿ ಗುಂಯ್‌ಗುಡುವಿಕೆ ಇದ್ದರೆ ಅದು ಒಳಗಿವಿಗೆ ಪೆಟ್ಟು ಬಿದ್ದ ಸೂಚನೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು. ಒಳಗಿವಿಯ ಕೂದಲುಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮರುಹುಟ್ಟು ಇಲ್ಲ.

ಹಳೇ ಮೆಟಲ್ ಪ್ರೇಮಿ
ಇಯರ್‌ಪ್ಲಗ್ ಹಾಕಿಕೊಂಡು ಮೆಟಲ್ ಕೇಳುವುದೆಂದರೆ ಮೂಗು ಮುಚ್ಚಿಕೊಂಡು ಬಿಸಿಬೇಳೆಬಾತ್ ತಿಂದಂತೆ, ವೈದ್ಯರೇ.

ಕಿವಿಯ ವೈದ್ಯ, ಹುಬ್ಬಳ್ಳಿ
ವೇದಿಕೆಯ ಮೇಲೆ ನುಡಿಸುವವರ ಕಿವಿಯನ್ನು ಒಮ್ಮೆ ಗಮನಿಸಿ ನೋಡಿ. ಬಹಳಷ್ಟು ಜನ ಕಿವಿಯನ್ನು ಬಿಗಿಯಾಗಿ ಮುಚ್ಚುವ ಇನ್-ಇಯರ್ ಮಾನಿಟರ್ ತೊಟ್ಟಿರುತ್ತಾರೆ. ತಮ್ಮ ಕಿವಿ ಮುಚ್ಚಿಕೊಂಡವರ ಎದುರು ನೀವು ತೆರೆದ ಕಿವಿಯಿಂದ ನಿಂತಿರುತ್ತೀರಿ. ಇನ್ನು ಅರಮನೆ ಮೈದಾನದ ಆ ಎರಡು ರಾತ್ರಿಗಳ ಮರುದಿನ ನಿಮ್ಮ ಕಿವಿ ಹೇಗಿತ್ತು ಎಂಬುದನ್ನೂ ತಿಳಿಸಬೇಕು.

ಹಳೇ ಮೆಟಲ್ ಪ್ರೇಮಿ
ಆ ಪ್ರಶ್ನೆಯನ್ನು ನನ್ನ ಹೆಂಡತಿಗೆ ಕೇಳುವುದು ಉತ್ತಮ. ಒಂದೇ ಮಾತನ್ನು ಎರಡೆರಡು ಬಾರಿ ಹೇಳಬೇಕಾಗಿ ಬರುವುದು ಅವಳಿಗೇ.

ಬಸವನಗುಡಿ ರಸಿಕ
ನಿಂತು ಕೇಳುವುದೆಂದರೆ ಪಶ್ಚಿಮದಿಂದ ಬಂದ ಹೊಸ ಪದ್ಧತಿ ಎಂಬಂತೆ ಇಲ್ಲಿ ಮಾತು ನಡೆದಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಆವರಣದಲ್ಲಿ ನಡೆಯುವ ರಾಮನವಮಿ ಸಂಗೀತೋತ್ಸವವನ್ನು ನೆನಪಿಸಿಕೊಳ್ಳಿ. ಶ್ರೀ ರಾಮಸೇವಾ ಮಂಡಳಿ ಹುಟ್ಟಿದ್ದು 1939ರಲ್ಲಿ. ಚಪ್ಪರದ ಒಳಗೆ ಟಿಕೆಟ್ ಕೊಂಡವರು ಕುಳಿತಿದ್ದರೆ, ಹೊರಗೆ ರಸ್ತೆಬದಿಯಲ್ಲಿ ಸೈಕಲ್ಲಿಗೆ ಒರಗಿಕೊಂಡು, ಕಾಂಪೌಂಡಿನ ಪಕ್ಕ ನಿಂತುಕೊಂಡು ಇಡೀ ರಾಗ-ತಾನ-ಪಲ್ಲವಿ ಕೇಳಿದವರ ತಲೆಮಾರುಗಳೇ ಇವೆ. ನಮ್ಮ ತಂದೆಯವರೂ ಅವರಲ್ಲೊಬ್ಬರು. ನಿಲ್ಲುವುದಕ್ಕೆ ಅವರಿಂದ ಯಾರೂ ಒಂದು ಬಿಡಿಗಾಸು ಕೇಳಿರಲಿಲ್ಲ.

ಇಂದಿನವರ ಬಗ್ಗೆ ನನಗಿರುವ ಒಂದೇ ತಕರಾರು ಮೊಬೈಲಿನದು. ಹಾಡು ಶುರುವಾಗುತ್ತಲೇ ಮುಂದಿನವರೆಲ್ಲ ಕೈ ಎತ್ತಿ ಚಿತ್ರೀಕರಿಸತೊಡಗುತ್ತಾರೆ. ಕುಳಿತ ಸಭೆಯಲ್ಲಾದರೆ ಒಬ್ಬರು ಗದರಿಸುತ್ತಾರೆ, ನಿಂತ ಸಭೆಯಲ್ಲಿ ಗದರಿಸುವವನ ದನಿಯೇ ಕೇಳುವುದಿಲ್ಲ.

ಶಿವಮೊಗ್ಗದ ಸಂಶಯ
ರಸಿಕರೇ, ರಾಮನವಮಿಗೆ ನಿಂತವರು ಬೇಸರವಾದರೆ ಮಸಾಲೆದೋಸೆ ತಿಂದು ಬರಲು ಹೋಗಬಹುದಿತ್ತು. ಇಲ್ಲಿ ಒಮ್ಮೆ ಹೊರಗೆ ಹೋದವರಿಗೆ ಮರುಪ್ರವೇಶವಿಲ್ಲ ಎಂದು ಟಿಕೆಟ್ಟಿನ ಹಿಂದೆ ಅಚ್ಚು ಹಾಕಿರುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅದಿರಲಿ, ಇಷ್ಟೆಲ್ಲ ಉಪದೇಶದ ನಡುವೆ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಹನ್ನೊಂದು ಜನ ಸತ್ತದ್ದನ್ನು ಯಾರೂ ಎತ್ತಲಿಲ್ಲವೇಕೆ?

ಹಾಸ್ಟೆಲ್ ಹುಡುಗಿ
ಅದು ಸಂಗೀತ ಕಾರ್ಯಕ್ರಮವಲ್ಲ, ಕ್ರಿಕೆಟ್ ವಿಜಯೋತ್ಸವ. ಟಿಕೆಟ್ ಎಣಿಸಿ ಒಳಗೆ ಬಿಡುವ ಜಾಗಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಆಂಟಿಯನ್ನು ಸುಮ್ಮನೆ ಹೆದರಿಸಬೇಡಿ.

ಲಂಡನ್ ಕನ್ನಡಿಗ
ಹೋಲಿಕೆ ಇದೆ, ತಂಗಿ. ಎರಡೂ ಕಡೆ ಅಪಾಯ ಇರುವುದು ಬಾಗಿಲಿನಲ್ಲಿ. ನಾನು ಇಲ್ಲಿ ಇಂತಹ ಕಾರ್ಯಕ್ರಮಗಳಿಗೆ ಆಗಾಗ ಹೋಗುತ್ತೇನೆ, ಹೋಗುವ ಮುನ್ನ ಈ ವಿಷಯವನ್ನು ಓದಿಕೊಂಡೂ ಇದ್ದೇನೆ.

1979ರ ಡಿಸೆಂಬರ್ 3ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ‘ದ ಹೂ’ ತಂಡದ ಕಾರ್ಯಕ್ರಮಕ್ಕೆ ಬಂದ ಹನ್ನೊಂದು ಜನ ಸತ್ತದ್ದು ಮುಚ್ಚಿದ ಬಾಗಿಲುಗಳ ಹೊರಗೆ. ಮೊದಲು ಬಂದವರಿಗೆ ಮುಂದಿನ ಜಾಗ ಎಂಬ ನಿಯಮವಿದ್ದುದರಿಂದ ಎಲ್ಲರೂ ಒಟ್ಟಿಗೆ ಒತ್ತಿದ್ದರು. 2022ರ ಡಿಸೆಂಬರಿನಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್ ಅಕಾಡೆಮಿಯಲ್ಲಿ ಇಬ್ಬರು ಪ್ರಾಣ ಕಳೆದುಕೊಂಡದ್ದೂ ಪ್ರವೇಶದ್ವಾರದ ನೂಕುನುಗ್ಗಲಿನಲ್ಲಿಯೇ. 2023ರ ನವೆಂಬರಿನಲ್ಲಿ ಕೊಚ್ಚಿಯ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ಸಂಗೀತ ಕಾರ್ಯಕ್ರಮಕ್ಕೆ ಮುನ್ನ ನಾಲ್ವರು ಸತ್ತದ್ದು ಒಳಹೋಗುವ ಮೆಟ್ಟಿಲುಗಳ ಮೇಲೆ. ವೇದಿಕೆಯ ಮುಂದೆಯೇ ಆದ ದುರಂತಗಳೂ ಇವೆ: 2000ದ ಜೂನ್ 30ರಂದು ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ ಒಂಬತ್ತು ಜನ, 2021ರ ನವೆಂಬರ್ 5ರಂದು ಹ್ಯೂಸ್ಟನ್ನಿನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ಹತ್ತು ಜನ.

ಕಾಲ್ತುಳಿತ ಎಂದು ಪತ್ರಿಕೆಗಳು ಬರೆಯುತ್ತವೆಯಾದರೂ, ಇಂತಹ ಕಡೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ. ಎದೆಯ ಮೇಲಿನ ಒತ್ತಡದಿಂದ ಪಕ್ಕೆಲುಬು ಹಿಗ್ಗಲಾಗದೆ ಉಸಿರು ನಿಂತು ಸಾಯುತ್ತಾರೆ, ನಿಂತಲ್ಲೇ ಸಾಯುವುದೂ ಉಂಟು. ಒಬ್ಬರಿಗೆ ಅರ್ಧ ಚದರ ಮೀಟರ್ ಜಾಗವಿರಬೇಕೆಂಬುದು ಬ್ರಿಟನ್ನಿನ ಕಾರ್ಯಕ್ರಮಗಳಿಗೆ ಬಳಸಿಕೊಂಡು ಬಂದ ಅಳತೆ. ಒಂದು ಚದರ ಮೀಟರಿನಲ್ಲಿ ಆರೇಳು ಜನ ಸೇರಿದರೆ ಯಾರ ಕಾಲೂ ಅವರವರ ಹಿಡಿತದಲ್ಲಿರುವುದಿಲ್ಲ. ನಿಮ್ಮ ಕೈಯನ್ನು ಮುಖದವರೆಗೆ ಎತ್ತಲು ಆಗುತ್ತಿಲ್ಲವೆಂದರೆ, ನೀವು ಒತ್ತದಿದ್ದರೂ ಮೈ ತಾನೇ ಓಲಾಡುತ್ತಿದೆಯೆಂದರೆ ಹಾಡು ಎಷ್ಟೇ ಚೆನ್ನಾಗಿರಲಿ, ಹೊರಡಬೇಕು. ಅಲೆಗೆ ಎದುರಾಗಿ ತಳ್ಳಬಾರದು. ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಹಿಡಿದುಕೊಂಡು, ಒಂದು ನೂಕು ಇಳಿದು ಇನ್ನೊಂದು ಬರುವ ನಡುವೆ ಓರೆಯಾಗಿ ಅಂಚಿನ ಕಡೆಗೆ ಸರಿಯಬೇಕು. ಮೊಬೈಲ್ ಕೆಳಗೆ ಬಿದ್ದರೆ ಬಗ್ಗಬಾರದು.

ಹೆದರಿಸುವುದಕ್ಕೆ ಹೇಳುತ್ತಿಲ್ಲ, ಮೇಡಂ. ಬಹುಪಾಲು ಕಾರ್ಯಕ್ರಮಗಳಲ್ಲಿ ಇದಾವುದರ ಅಗತ್ಯವೂ ಬೀಳುವುದಿಲ್ಲ. ಗೇಟು ತೆರೆದ ಕೂಡಲೇ ಓಡುವ ಗುಂಪಿನೊಂದಿಗೆ ನೀವು ಓಡದಿದ್ದರೆ, ಒಳಗೆ ಹೋದ ಮೇಲೆ ಬಂದ ದಾರಿಯಲ್ಲದೆ ಇನ್ನೊಂದು ದಾರಿ ಎಲ್ಲಿದೆಯೆಂದು ನೋಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಅಂದ ಹಾಗೆ ಆ ಬ್ರಿಕ್ಸ್‌ಟನ್ ಸಭಾಂಗಣ 2024ರಲ್ಲಿ ಮತ್ತೆ ತೆರೆದಿದೆ. ಹಳೆಯ ಚಿತ್ರಮಂದಿರವಾದ್ದರಿಂದ ಅದರ ನೆಲ ವೇದಿಕೆಯ ಕಡೆಗೆ ಇಳಿಜಾರಾಗಿದ್ದು, ಕುಳ್ಳಗಿರುವವರಿಗೆ ಅಷ್ಟು ಅನುಕೂಲದ ಜಾಗ ಲಂಡನ್ನಿನಲ್ಲಿ ಇನ್ನೊಂದಿಲ್ಲ.

ಮಿಕ್ಸರ್ ಮೇಷ್ಟ್ರು
ಲಂಡನ್ನಿನವರ ಮಾತಿಗೆ ಒಂದು ಸೇರ್ಪಡೆ. ರೋಸ್ಕಿಲ್ಡೆಯ ನಂತರ ವೇದಿಕೆಯ ಮುಂದಿನ ಜನರನ್ನು ಬೇಲಿಗಳಿಂದ ತುಂಡು ತುಂಡಾಗಿ ವಿಂಗಡಿಸುವ ಕ್ರಮಕ್ಕೆ ಹೆಚ್ಚು ಒತ್ತು ಬಂತು. ಹಿಂದಿನ ಸಾವಿರಾರು ಜನರ ನೂಕು ಮುಂದಿನವರ ಎದೆಯವರೆಗೆ ಬಾರದಿರಲಿ ಎಂಬುದು ಅದರ ಉದ್ದೇಶ. ನೀವು ಬೈಯುತ್ತಿರುವ ಫ್ಯಾನ್ ಪಿಟ್ಟಿನ ಬೇಲಿಯೂ, ಎಣಿಸಿ ಒಳಗೆ ಬಿಟ್ಟರೆ, ಇದೇ ಕೆಲಸ ಮಾಡುತ್ತದೆ. ಎಣಿಸದೆ ಟಿಕೆಟ್ ಮಾರಿದರೆ ಅದೇ ಬೇಲಿ ಬೋನಾಗುತ್ತದೆ. ಆದ್ದರಿಂದ ಎಷ್ಟು ಜನರಿಗೆ ಟಿಕೆಟ್ ಎಂಬುದನ್ನು ಆಯೋಜಕರಿಗೆ ಬರೆದು ಕೇಳಿ. ಉತ್ತರಿಸದವರ ಪಿಟ್ಟಿಗೆ ಹೋಗಬೇಡಿ.

ಶಿವಮೊಗ್ಗದ ಸಂಶಯ
ಅಂಥ ಪತ್ರಕ್ಕೆ ಆಯೋಜಕರು ಉತ್ತರ ಕೊಟ್ಟ ದಿನ ನಾನೂ ಒಂದು ಟಿಕೆಟ್ ಕೊಳ್ಳುತ್ತೇನೆ.

ಕುವೆಂಪುನಗರದವಳು
ಮಗಳೊಂದಿಗೆ ಮಾತನಾಡಿದೆ. ಇಬ್ಬರಿಗೂ ಸಾಮಾನ್ಯ ಟಿಕೆಟ್ಟನ್ನೇ ಕೊಂಡೆವು, ಮೇಷ್ಟ್ರು ಹೇಳಿದ ಕನ್ಸೋಲಿನ ಪಕ್ಕ ನಿಲ್ಲುತ್ತೇವೆ. ಅವಳಿಗೆ ಮುಂದೆ ಹೋಗಬೇಕೆಂಬ ಆಸೆ ಇದ್ದೇ ಇದೆ, ಒಂದೆರಡು ಹಾಡಿಗೆ ಹೋಗಿ ಬರುತ್ತಾಳಂತೆ. ಜನಜಂಗುಳಿಯಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಹೋಗಬಹುದೆಂದು ಕೇಳಿದ್ದೇನೆ, ಆದ್ದರಿಂದ ಕನ್ಸೋಲಿನ ಬಲ ಮೂಲೆಯಲ್ಲಿ ಸೇರುವುದೆಂದು ಗೊತ್ತು ಮಾಡಿಕೊಂಡಿದ್ದೇವೆ. ಈಗ ಉಳಿದಿರುವುದು ವಾಪಸು ಬರುವ ಚಿಂತೆ.

ಮೆಟ್ರೋ ಸವಾರ
ವೈಟ್‌ಫೀಲ್ಡ್ ಕಡೆಯಾದರೆ ಚಿಂತೆಯಿಲ್ಲ. ನೇರಳೆ ಮಾರ್ಗ 2023ರ ಅಕ್ಟೋಬರಿನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಪೂರ್ತಿಯಾಗಿ ಓಡುತ್ತಿದೆ, ಮಾಲ್‌ಗಳಿರುವ ಮಹದೇವಪುರದ ಸುತ್ತಿನ ಬಯಲುಗಳಿಗೆ ಸಿಂಗಯ್ಯನಪಾಳ್ಯ ನಿಲ್ದಾಣ ಹತ್ತಿರ. ತುಮಕೂರು ರಸ್ತೆಯ ಮೈದಾನಗಳಿಗೆ ಹೋಗುವವರಿಗೂ 2024ರ ನವೆಂಬರಿನಿಂದ ಹಸಿರು ಮಾರ್ಗ ಮಾದಾವರದವರೆಗೆ ಬಂದಿದೆ. ಬಯಲಿನಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕ ಬಳಸುವಂತಿಲ್ಲ ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುವುದರಿಂದ ಇಲ್ಲಿ ಕಾರ್ಯಕ್ರಮಗಳು ಸಾಮಾನ್ಯವಾಗಿ ಹತ್ತಕ್ಕೇ ಮುಗಿಯುತ್ತವೆ. ಹಾಗಾಗಿ ಕೊನೆಯ ರೈಲು ಸಿಗುತ್ತದೆ, ಆದರೆ ಟಿಕೆಟ್ ಸಾಲಿನಲ್ಲಿ ನಿಂತರೆ ತಪ್ಪಬಹುದು. ಸ್ಮಾರ್ಟ್ ಕಾರ್ಡಿಗೆ ಮೊದಲೇ ಹಣ ಹಾಕಿಸಿಕೊಳ್ಳಿ ಅಥವಾ ಮೊಬೈಲಿನಲ್ಲಿ ಕ್ಯೂಆರ್ ಟಿಕೆಟ್ ಮಾಡಿಸಿಟ್ಟುಕೊಳ್ಳಿ. ಕಾರು ತಂದವರು ಪಾರ್ಕಿಂಗಿನಿಂದ ಹೊರಬರುವಷ್ಟರಲ್ಲಿ ನೀವು ಪಿ.ಜಿ. ತಲುಪಿರುತ್ತೀರಿ.

ಬಸವನಗುಡಿ ರಸಿಕ
ಕೊನೆಯ ಹಾಡಿಗೆ ಮುಂಚೆಯೇ ಹೊರಟುಬಿಡುವುದು ಜಾಣತನ. ಮಂಗಳ ಹಾಡುವಾಗ ಎದ್ದುಹೋಗಬಾರದೆಂಬ ಮರ್ಯಾದೆ ಕಛೇರಿಗೆ ಇದೆ, ಇಲ್ಲಿ ಅದರ ಹಂಗಿಲ್ಲವಲ್ಲ.

ಹಳೇ ಮೆಟಲ್ ಪ್ರೇಮಿ
ಇಲ್ಲಿ ಅದಕ್ಕಿಂತ ದೊಡ್ಡ ಹಂಗಿದೆ, ರಸಿಕರೇ. ಜನ ಸಂಜೆಯಿಂದ ಕಾದಿರುವ ಹಾಡನ್ನು ತಂಡದವರು ಕೊನೆಗೆಂದೇ ಎತ್ತಿಟ್ಟಿರುತ್ತಾರೆ. ಒಮ್ಮೆ ಒಳಗೆ ಹೋಗಿ, ಜನ ಕೂಗಿ ಕರೆದ ಮೇಲೆ ಮರಳಿ ಬಂದು ನುಡಿಸುವುದೂ ಅದನ್ನೇ. ಮೇಡಂ, ರೈಲು ತಪ್ಪಿದರೆ ಆಟೋ ಸಿಗುತ್ತದೆ.

ಮೆಟ್ರೋ ಸವಾರ
ರಾತ್ರಿ ಹತ್ತೂವರೆಗೆ, ಸಾವಿರಾರು ಜನ ಒಟ್ಟಿಗೆ ಕೈ ಅಡ್ಡ ಹಿಡಿಯುವಾಗ, ಮೀಟರಿನ ದರಕ್ಕೆ ಬರುವ ಆಟೋ ಎಲ್ಲಿ ಸಿಗುತ್ತದೆಂದು ದಯವಿಟ್ಟು ನನಗೂ ತಿಳಿಸಿ.

ಹಳೇ ಮೆಟಲ್ ಪ್ರೇಮಿ
ಮೀಟರಿನ ದರಕ್ಕೆ ಎಂದು ನಾನು ಹೇಳಲೇ ಇಲ್ಲ. ಕೊನೆಯ ಹಾಡು ಬಿಟ್ಟು ಹೊರಡುವವರೊಂದಿಗೆ ನನಗೆ ಜಗಳವೂ ಇಲ್ಲ. ಹೊರಡುವಾಗ ನನ್ನ ಮುಂದಿನಿಂದ ಹಾದುಹೋಗದಿದ್ದರೆ ಸಾಕು.